ಗೆಲುವಿನ ಕುರ್ಚಿ

ಪಂದ್ಯದ ದಿನ ಯಾರು ಎಲ್ಲಿ ಕೂರಬೇಕೆಂದು ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅಜ್ಜಿ ಕಬ್ಬಿಣದ ಕಾಲಿನ ಕುರ್ಚಿಯಲ್ಲಿ, ಹೆಗಲ ಮೇಲೆ ಗೀರಿನ ಟವೆಲ್ಲು ಹಾಕಿಕೊಂಡು. ಮಾವ ನೆಲದ ಮೇಲೆ. ಎಷ್ಟೇ ಬೆನ್ನು ನೋಯಲಿ, ಗೋಡೆಗೆ ಒರಗುವಂತಿಲ್ಲ. ಅತ್ತೆ ಅಡುಗೆಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ. ಕೈಯಲ್ಲಿ ಸುಲಿಯಲು ಏನಾದರೂ ಇರಲೇಬೇಕು, ಬಟಾಣಿ ಇಲ್ಲದಿದ್ದರೆ ಬೆಳ್ಳುಳ್ಳಿ. ನಾದಿನಿ ಮಂಚದ ಮೂಲೆಯಲ್ಲಿ ಎಡಗಾಲು ಮಡಿಸಿಕೊಂಡು. ಗಂಡ ಟೀವಿಯ ಪಕ್ಕ ನಿಂತುಕೊಂಡೇ. ಸೊಸೆ ಹೊರಗೆ.

ಹೊರಗೆ ಎಂದರೆ ಹಿತ್ತಲು. ಒಂದು ನಲ್ಲಿ, ಒಗೆಯುವ ಕಲ್ಲು, ಬಟ್ಟೆ ಒಣಹಾಕುವ ತಂತಿ, ಮೂಲೆಯಲ್ಲಿ ತಗಡಿನ ಚೂರುಗಳ ರಾಶಿ. ಸಂಸಾರವೆಲ್ಲ ತಗಡಿನ ಮೇಲೆಯೇ ನಿಂತಿತ್ತು. ಮಾವ ಟ್ರಂಕು, ಡಬ್ಬ, ಕೊಳವೆ ಮಾಡುವವನು. ಬೀದಿಗೆ ಮುಖ ಮಾಡಿದ ಕೋಣೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ಪಂದ್ಯ ಶುರುವಾಗುವ ಮೊದಲೇ ಹಿತ್ತಲ ಬಾಗಿಲಿಗೆ ಒಳಗಿಂದ ಚಿಲಕ ಬೀಳುತ್ತಿತ್ತು. ಮರೆತು ಕೂಡ ಅವಳು ಒಳಗೆ ಕಾಲಿಡಬಾರದಲ್ಲ.

ಈ ಜಾಗ ಅವಳಿಗೆ ಸಿಕ್ಕಿದ್ದು ಮದುವೆಯಾಗಿ ಬಂದ ವಾರದಲ್ಲೇ. ಟೀವಿಯಲ್ಲಿ ಪಂದ್ಯ ನಡೆಯುತ್ತಿತ್ತು. ಎಲ್ಲರಿಗೂ ಚಹಾ ಕೊಟ್ಟು ಬಾ ಎಂದು ಅತ್ತೆಯೇ ತಟ್ಟೆ ಕೈಗಿತ್ತು ಕಳಿಸಿದ್ದಳು. ಅವಳು ಹೊಸಿಲು ದಾಟುವುದಕ್ಕೂ, ಮನೆಯವರೆಲ್ಲ ಜೀವ ಇಟ್ಟುಕೊಂಡಿದ್ದ ಆಟಗಾರ ಮೊದಲ ಚೆಂಡಿಗೇ ಔಟಾಗುವುದಕ್ಕೂ ಸರಿಹೋಯಿತು. ಚಹಾ ಯಾರೂ ಮುಟ್ಟಲಿಲ್ಲ. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬಂದ್ಲು ನೋಡ್ರಪ್ಪ, ಸೊನ್ನೆ!" ಅಂದಳು. ಮನೆಯೆಲ್ಲ ನಕ್ಕಿತು. ಮುಂದಿನ ಪಂದ್ಯದಂದು ಅವಳನ್ನು ಹಿತ್ತಲಿಗೆ ಕಳಿಸಿ ನೋಡಿದರು. ತಂಡ ಗೆದ್ದಿತು. ಅಲ್ಲಿಗೆ ಹೆಸರೂ ನಿಂತಿತು, ಜಾಗವೂ ನಿಂತಿತು. ಹಾಲು ಹಾಕುವವನು ಕೂಡ, "ಸೊನ್ನೆಯಮ್ಮ, ಪಾತ್ರೆ ತನ್ನಿ" ಅನ್ನುತ್ತಿದ್ದ. ಹೆತ್ತವರು ಇಟ್ಟ ಹೆಸರೇ ಅದೆಂದು ಅವನು ತಿಳಿದಿದ್ದ.

ಅಜ್ಜಿಯದು ಇದಕ್ಕೆ ತದ್ವಿರುದ್ಧ. ಅವಳು ಆ ಕುರ್ಚಿಯಲ್ಲಿ ಕೂತಿದ್ದಾಗ ತಂಡ ಒಂದು ದೊಡ್ಡ ಪಂದ್ಯವನ್ನೂ ಸೋತಿಲ್ಲವೆಂದು ಮಾವ ಆಣೆ ಮಾಡಿ ಹೇಳುತ್ತಿದ್ದ. ಪಂದ್ಯದ ದಿನ ಅಜ್ಜಿಗೆ ಬೇಯಿಸಿದ ಮೊಟ್ಟೆ, ಸಕ್ಕರೆ ಜಾಸ್ತಿ ಹಾಕಿದ ಚಹಾ, ಬೆನ್ನಿಗೆ ದಿಂಬು. ಉಳಿದ ದಿನ ಅವಳು ಕೆಮ್ಮಿ ಕೆಮ್ಮಿ ಸುಸ್ತಾದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ ಅಜ್ಜಿ ಆ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸೊಸೆ ಹೊರಗೆ ಹೋದಳೋ ಇಲ್ಲವೋ ಎಂದು ಮೊದಲು ವಿಚಾರಿಸುತ್ತಿದ್ದವಳೂ ಅವಳೇ.

ಆ ವರ್ಷದ ದೊಡ್ಡ ಪಂದ್ಯಾವಳಿ ಸಮುದ್ರದಾಚೆ ನಡೆಯುವುದೆಂದು ಗೊತ್ತಾಯಿತು. ಮಾವನ ಅಭಿಮಾನಿ ಬಳಗ ಟೂರಿಗೆ ಹೊರಟು ನಿಂತಿತು. ಬಳಗಕ್ಕೆ ಮಾವ ಬೇಕೇ ಬೇಕು. ಅವನೇ ತಗಡು ಬಡಿದು ಮಾಡಿದ ನಗಾರಿಯೊಂದಿತ್ತು. ಅದರ ಸದ್ದಿಗೆ ಎದುರಾಳಿ ಬೌಲರು ಓಡುವ ಹೆಜ್ಜೆ ತಪ್ಪುತ್ತಾನೆಂದು ಬಳಗದವರು ಅವನನ್ನು ಉಬ್ಬಿಸಿದ್ದರು. ಉಬ್ಬಿಸಿದವರು ಟಿಕೆಟ್ಟನ್ನೇನೂ ಕೊಡಿಸಲಿಲ್ಲ. ಒಂದು ಬೆಳಿಗ್ಗೆ ಗಂಡ ಅಂಗಡಿಯ ಬಾಗಿಲು ತೆಗೆದಾಗ ತಗಡು ಮಡಿಸುವ ಯಂತ್ರವಿದ್ದ ಕಡೆ ನೆಲದಲ್ಲಿ ನಾಲ್ಕು ತೂತು ಮಾತ್ರ ಇದ್ದವು.

"ಯಂತ್ರ ಎಲ್ಲಿ?"

"ಮಾರ್ದೆ," ಅಂದ ಮಾವ, ಬಾಯಿ ಮುಕ್ಕಳಿಸುತ್ತ.

"ಮಾರ್ದೆ ಅಂದ್ರೆ?"

"ಮಾರ್ದೆ ಅಂದ್ರೆ ಮಾರ್ದೆ. ಕಿವಿಗೇನಾಗಿದೆ ನಿನಗೆ?"

"ಟ್ರಂಕಿನ ಅಂಚು ಯಾತರಿಂದ ಮಡಿಸ್ಲಿ ನಾನು? ಹಲ್ಲಿಂದಾನಾ?"

"ನಮ್ಮಪ್ಪ ಸುತ್ತಿಗೇಲಿ ಮಡಿಸ್ತಿದ್ದ. ಅವನ ಕೈಯೇನು ಉದುರಿ ಹೋಗಿತ್ತಾ?"

ಅತ್ತೆ ಒಳಗಿಂದಲೇ ಕೂಗಿದಳು. "ಈ ಮನೆಗೆ ಬಂದಾಗಿಂದ ಆಸ್ಪತ್ರೆ, ಅಂಗಡಿ ಬಿಟ್ರೆ ಇನ್ನೊಂದು ಊರಿನ ಮುಖ ನೋಡಿಲ್ಲ ನಾನು. ಇವರಿಗೆ ಸಮುದ್ರ ದಾಟ್ಬೇಕಂತೆ!"

"ನಿನಗೆ ನಗಾರಿ ಬಾರ್ಸೋಕೆ ಬರುತ್ತೇನೇ?"

"ಇಷ್ಟು ವರ್ಷ ನಿಮ್ಮನ್ನ ಬಾರ್ಸದೆ ಬಿಟ್ಟಿದ್ದೇ ತಪ್ಪಾಯ್ತು."

ನಾದಿನಿ ಪಕ್ಕನೆ ನಕ್ಕಳು. ಅವಳು ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು; ಮನೆಯಲ್ಲಿ ಯಾರಾದರೂ ಜಗಳವಾಡಿದರೆ ಅವಳಿಗೆ ಅದೇ ವಿಶ್ರಾಂತಿ. ಸೊಸೆ ಎಲ್ಲರ ತಟ್ಟೆಗೂ ಬ್ರೆಡ್ಡು ಹಾಕಿ ಗೋಡೆ ಪಕ್ಕ ಸರಿದಳು.

ಟೂರಿಗೆ ಇನ್ನೇನು ಹತ್ತು ಹದಿನೈದು ದಿನವಿದೆ ಎನ್ನುವಾಗ ಅಜ್ಜಿಯ ಕೈಯಿಂದ ಚಹಾದ ಲೋಟ ಜಾರಿತು. ಮಾತು ತೊದಲಿತು. ಅತ್ತೆಗೆ ಮಂಡಿನೋವು, ನಾದಿನಿಗೆ ಕೆಲಸದ ಹೊತ್ತು, ಗಂಡಸರಿಗೆ ಟ್ರಂಕುಗಳ ಅರ್ಜೆಂಟು. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಸೊಸೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಅಜ್ಜಿಗೆ ಎಲ್ಲ ಸರಿಹೋಗಿ, "ಸೊನ್ನೆ ಜೊತೆ ಬಂದ್ರೂ ಬದುಕ್ಕೊಂಡೆ ನೋಡಿ ಡಾಕ್ಟ್ರಮ್ಮ" ಎಂದು ಹಾಸ್ಯ ಮಾಡುವಷ್ಟಾಗಿದ್ದಳು. ಡಾಕ್ಟ್ರಮ್ಮ ನಗಲಿಲ್ಲ. ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದಳು. ಸೊಸೆ ಅದನ್ನು ಒಂದು ಅಕ್ಷರವೂ ಬಿಡದಂತೆ ಸಂಜೆ ಚಹಾದ ಹೊತ್ತಿಗೆ ಮನೆಯವರ ಮುಂದೆ ಹೇಳಿದಳು.

"ಇದು ಬರೀ ಎಚ್ಚರಿಕೆಯಂತೆ. ಮುಂದೆ ದೊಡ್ಡದು ಬರಬಹುದಂತೆ. ಬಾಯಿ ಸೊಟ್ಟಗಾದ್ರೆ, ಕೈ ಎತ್ತೋಕಾಗದಿದ್ರೆ, ಒಲೆ ಮೇಲೆ ಹಾಲಿದ್ರೂ ಇಳಿಸ್ತಾ ನಿಲ್ಬೇಡಿ, ಹಾಗೇ ಕರ್ಕೊಂಡು ಬನ್ನಿ ಅಂದ್ರು. ಬೇಗ ಹೋದ್ರೆ ಒಂದು ಇಂಜೆಕ್ಷನ್ ಇದೆಯಂತೆ. ತಡವಾದ್ರೆ ಕೊಡೋ ಹಾಗಿಲ್ವಂತೆ."

"ಡಾಕ್ಟ್ರುಗಳು ಇನ್ನೇನು ಹೇಳ್ತಾರೆ," ಅಂದ ಮಾವ. "ಹೆದರಿಸದಿದ್ರೆ ಅವರ ಅಂಗಡಿ ನಡೆಯುತ್ತಾ?"

"ಅಪ್ಪ, ಟೂರು..." ಗಂಡ ಬಾಯಿ ತೆಗೆದ.

"ಟೂರಿನ ಸುದ್ದಿ ಎತ್ತಬೇಡ. ಅಮ್ಮ, ನೀನೇ ಹೇಳಮ್ಮ. ಹೋಗ್ಲಾ, ಬೇಡ್ವಾ?"

ಅಜ್ಜಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಮೆತ್ತಗಾಗುವ ತನಕ ಕಾದಳು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿರುವುದು ಅವಳಿಗೆ ಹಿತವಾಗಿತ್ತು. "ಹೋಗಿ ಬಾರೋ. ನಾನು ಕುರ್ಚಿ ಬಿಟ್ಟು ಎಲ್ಲಿಗೆ ಹೋಗ್ತೀನಿ? ಇವಳೊಬ್ಬಳನ್ನ ಹೊರಗಿಟ್ಟಿರಿ, ಸಾಕು."

ಮಾವ ಹೋದ. ಮುಖಕ್ಕೆ ತಂಡದ ಬಣ್ಣ ಬಳಿದುಕೊಂಡು, ನಗಾರಿಯನ್ನು ಹಳೆ ಕಂಬಳಿಯಲ್ಲಿ ಸುತ್ತಿಕೊಂಡು ಹೋದ. ಬಾಗಿಲಲ್ಲಿ ನಿಂತ ಹೆಂಡತಿಗೆ ಹೇಳಿದ ಕೊನೆಯ ಮಾತು, "ಜಾಗ ಬದಲಾಯಿಸಬೇಡಿ."

ಅವನು ಹೋದ ಮೇಲೆ ಮನೆಯಲ್ಲಿ ಊಟ ತೆಳುವಾಯಿತು. ಯಂತ್ರವಿದ್ದಾಗ ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಟ್ರಂಕಿಗೆ ಈಗ ಎರಡು ದಿನ. ಬೆಳಗಿಂದ ಸಂಜೆಯವರೆಗೆ ಅಂಗಡಿಯಲ್ಲಿ ಸುತ್ತಿಗೆಯ ಸದ್ದು. ಗಂಡನ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಅನ್ನ ಕಲಸಲಾಗದೆ ಅವನು ಚಮಚದಲ್ಲಿ ಉಣ್ಣುತ್ತಿದ್ದ, ಉಣ್ಣುತ್ತ ಅಪ್ಪನಿಗೆ ಬಯ್ಯುತ್ತಿದ್ದ. ಗಿರಾಕಿಗಳು ಮುಖ್ಯರಸ್ತೆಯ ಪ್ಲಾಸ್ಟಿಕ್ ಡಬ್ಬದ ಅಂಗಡಿಗೆ ಹೋದರು. ಗಂಜಿಗೆ ನೀರು ಹೆಚ್ಚಾಯಿತು. ಮೊಟ್ಟೆ ಮಾತ್ರ ಪಂದ್ಯದ ದಿನ ತಪ್ಪದೆ ಬರುತ್ತಿತ್ತು, ಒಂದೇ ಒಂದು.

"ನಾನು ಕಾಲು ಸೋಲೋ ಹಾಗೆ ನಿಂತು ದುಡೀತೀನಿ. ನನಗೊಂದು ಮೊಟ್ಟೆ ಇಲ್ಲ," ಅಂದಳು ನಾದಿನಿ.

"ನೀನು ಕೂತ್ರೆ ತಂಡ ಗೆಲ್ಲುತ್ತೇನೇ?" ಅಂದಳು ಅಜ್ಜಿ, ಮೊಟ್ಟೆಯ ಸಿಪ್ಪೆಯನ್ನು ಸೊಸೆಯ ಅಂಗೈಗೆ ಹಾಕುತ್ತ. "ತಗೊಳೇ ಸೊನ್ನೆ, ನಿನ್ನ ಪಾಲು."

ಪಂದ್ಯ ಶುರುವಾಗುವ ಮೊದಲು ಮಾವನ ಫೋನು ಬರುತ್ತಿತ್ತು. ಅಲ್ಲಿ ಆಗಲೇ ಮಧ್ಯಾಹ್ನ ದಾಟಿದ ಹೊತ್ತು, ಇಲ್ಲಿ ಬೆಳಗಿನ ಬಿಸಿಲು. ಫೋನಿನ ತುಂಬ ಬಣ್ಣ ಬಳಿದ ಮುಖಗಳು. ಒಗೆಯದ ಅದೇ ಅಂಗಿಯಲ್ಲಿ ಮಾವ ಕಿರುಚುತ್ತಿದ್ದ.

"ತೋರ್ಸು, ತೋರ್ಸು! ಅಮ್ಮ?"

"ಇಗೋ ನೋಡು."

"ಟವೆಲ್ಲು ಎಡಗಡೆ ಬರ್ಲಿ! ನಿಮ್ಮಮ್ಮನ ಕೈಯಲ್ಲೇನಿದೆ? ಬೆಳ್ಳುಳ್ಳೀನಾ? ಸರಿ. ಸೊನ್ನೆ?"

ಗಂಡ ಫೋನನ್ನು ಹಿತ್ತಲ ಕಿಟಕಿಗೆ ಹಿಡಿಯುತ್ತಿದ್ದ. ಸೊಸೆ ಒಗೆಯುವ ಕಲ್ಲಿನ ಬಳಿಯಿಂದ ತಲೆಯೆತ್ತುತ್ತಿದ್ದಳು. ಸಮುದ್ರದಾಚೆಯಿಂದ ಮಾವನ ಬಳಗದವರು ಒಬ್ಬರ ಮೇಲೊಬ್ಬರು ಬಿದ್ದು ಅವಳನ್ನು ನೋಡಿ, "ಸೊನ್ನೆ! ಸೊನ್ನೆ!" ಎಂದು ತಾಳಕ್ಕೆ ಸರಿಯಾಗಿ ಕೂಗುತ್ತಿದ್ದರು. ನಗಾರಿ ಬಡಿದುಕೊಳ್ಳುತ್ತಿತ್ತು. ತಂಡ ಗೆಲ್ಲುತ್ತಲೇ ಹೋಯಿತು. ಹಗಲೆಲ್ಲ ಅಪ್ಪನನ್ನು ಶಪಿಸುತ್ತಿದ್ದ ಗಂಡ ಕೂಡ ಆ ಹೊತ್ತಿಗೆ ಸುತ್ತಿಗೆ ಬಿಸಾಕಿ ಟೀವಿಯ ಪಕ್ಕ ಬಂದು ನಿಲ್ಲುತ್ತಿದ್ದ.

ಸೆಮಿಫೈನಲ್ಲಿನ ದಿನ ಅತ್ತೆ ಮನೆಯ ದುಪ್ಪಟಿಗಳನ್ನೆಲ್ಲ ಹಿತ್ತಲಿಗೆ ಎಸೆದು ಚಿಲಕ ಹಾಕಿದಳು. ಎದುರಾಳಿಗಳು ಮೊದಲು ಆಡಿ ರಾಶಿ ರನ್ನು ಹಾಕಿದ್ದರು. ನಮ್ಮವರ ಆಟ ಶುರುವಾಗುತ್ತಲೇ ಎರಡು ವಿಕೆಟ್ಟು ಬಿದ್ದವು. ಆಮೇಲೆ ಒಂದು ಜೋಡಿ ನಿಂತುಕೊಂಡಿತು. ಜೋಡಿ ನಿಂತಿತೆಂದರೆ ಆ ಮನೆಯಲ್ಲಿ ಯಾರೂ ಅಲ್ಲಾಡುವ ಹಾಗಿಲ್ಲ. ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ.

ನೆತ್ತಿಯ ಮೇಲೆ ಬಿಸಿಲಿತ್ತು. ಸೊಸೆ ಎರಡನೆಯ ದುಪ್ಪಟಿಯನ್ನು ತಂತಿಗೆ ಹಾಕಿ ಕಿಟಕಿಯತ್ತ ತಿರುಗಿದಳು. ಅಜ್ಜಿಯ ಹೆಗಲಿಂದ ಟವೆಲ್ಲು ಜಾರಿ ಬಿದ್ದಿತ್ತು. ಎಡಗೈ ಕುರ್ಚಿಯ ಪಕ್ಕದಲ್ಲಿ ಜೋತಾಡುತ್ತಿತ್ತು. ಮಡಿಲಲ್ಲಿ ಲೋಟ ವಾಲಿ ಚಹಾ ಬಟ್ಟೆಗೆ ಇಳಿಯುತ್ತಿತ್ತು, ಅಜ್ಜಿ ನೋಡುತ್ತಿರಲಿಲ್ಲ. ಬಾಯಿಯ ಎಡಮೂಲೆಯನ್ನು ಯಾರೋ ದಾರ ಕಟ್ಟಿ ಕೆಳಗೆ ಎಳೆದ ಹಾಗಿತ್ತು.

ಅವಳು ಕಿಟಕಿಯ ಗಾಜಿಗೆ ಬಡಿದಳು. "ಅಜ್ಜೀನ ನೋಡಿ! ಬಾಯಿ ನೋಡಿ ಅವರದು!"

ಅತ್ತೆ ಕತ್ತು ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸಿದಳು. "ತೂಕಡಿಸ್ತಿದ್ದಾರೆ."

"ತೂಕಡಿಕೆ ಅಲ್ಲ ಅತ್ತೆ! ರೀ, ಬಾಗಿಲು ತೆಗೀರಿ! ಡಾಕ್ಟ್ರು ಹೇಳಿದ್ರಲ್ಲ!"

ಗಂಡ ಅಜ್ಜಿಯನ್ನು ನೋಡಿದ. ಟೀವಿಯನ್ನು ನೋಡಿದ. ಆಮೇಲೆ ಸೊಸೆಯ ಕಡೆ ಒಂದು ಬೆರಳು ಎತ್ತಿ ತೋರಿಸಿದ: ಒಂದು ಓವರು.

"ಅಣ್ಣ, ಅವಳನ್ನ ನೋಡ್ಬೇಡ ಕಣೋ! ನೋಡಿದ್ರೂ ಬೀಳುತ್ತೆ!" ಎಂದು ನಾದಿನಿ ಟೀವಿಯ ಸದ್ದು ಜಾಸ್ತಿ ಮಾಡಿದಳು.

ಆಗ ಅಜ್ಜಿಯ ಬಲಗೈ ಮೇಲೆದ್ದಿತು. ಕಿಟಕಿಯ ಕಡೆ ಚಾಚಿ ಅಲುಗಾಡಿತು. ಬಾಯಿಂದ ಏನೋ ಸದ್ದು ಬಂತು.

"ನೋಡು, ಅಜ್ಜೀನೇ ತೊಲಗು ಅಂತಿದ್ದಾಳೆ," ಅಂದಳು ನಾದಿನಿ.

"ಹೂಂ ಮತ್ತೆ. ಚೆನ್ನಾಗೇ ಇದ್ದಾರೆ," ಅಂದಳು ಅತ್ತೆ.

ಆ ಕೈ ತನ್ನನ್ನು ಕರೆಯಿತೋ ಅಟ್ಟಿತೋ, ಸೊಸೆಗೆ ತಿಳಿಯಲಿಲ್ಲ. ಅವಳು ಪಕ್ಕದ ಸಂದಿಯಲ್ಲಿ ಓಡಿ ಬೀದಿಗೆ ಬಂದಳು. ಅಂಗಡಿಯ ಕದಕ್ಕೂ ಒಳಗಿಂದ ಬೀಗ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಎಲ್ಲ ಮನೆಯಿಂದಲೂ ಒಂದೇ ಕಾಮೆಂಟರಿ ಕೇಳುತ್ತಿತ್ತು. ಪಕ್ಕದ ಮನೆಯಲ್ಲಿ ಕೆಲಸ ಬಿಟ್ಟು ಕೂತ ಬಸ್ ಕಂಡಕ್ಟರು ಇದ್ದ. ಅವನಿಗೊಂದು ಹಳೆ ಕಾರೂ ಇತ್ತು. ಅವಳು ಬಾಗಿಲು ಬಡಿದು, ಅಜ್ಜಿಗೆ ಹುಷಾರಿಲ್ಲ, ಆಸ್ಪತ್ರೆಗೆ ಹೋಗಬೇಕು ಅಂದಳು.

"ಬಂದೆ ತಾಯಿ, ಈ ಜೋಡಿ ಮುರೀಲಿ, ಬಂದೇ ಬಿಟ್ಟೆ," ಅಂದ ಅವನು. ಅಂದವನೇ ಬಾಯಿ ಮುಚ್ಚಿಕೊಂಡ. "ಥೂ! ಮುರೀಬಾರದು! ನನ್ನ ಬಾಯಲ್ಲಿ ಏನು ಹೇಳಿಸಿಬಿಟ್ಟೆ ನೋಡು! ಹೋಗು, ಹೋಗು!"

ಬಾಗಿಲು ಅವಳ ಮೂಗಿನ ಮುಂದೆಯೇ ಮುಚ್ಚಿಕೊಂಡಿತು.

ಹಿತ್ತಲಿಗೆ ವಾಪಸು ಬಂದಾಗ ಕಿಟಕಿಗೆ ಒಳಗಿಂದ ಚಾದರ ಇಳಿಬಿಟ್ಟಿದ್ದರು. ಅವಳು ಮತ್ತೆ ಬಡಿದಳು. ಗಾಜು ಒಡೆಯುವಷ್ಟು ದೊಡ್ಡ ಕಲ್ಲು ಕಾಲ ಬಳಿಯೇ ಇತ್ತು. ಅವಳು ಅದನ್ನು ನೋಡಿದಳು. ಗಾಜು ಒಡೆದ ಮರುಕ್ಷಣ ವಿಕೆಟ್ಟು ಬಿದ್ದರೆ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ಬಕೆಟ್ಟಿನಿಂದ ಮೂರನೆಯ ದುಪ್ಪಟಿ ತೆಗೆದು ಹಿಂಡಿದಳು. ಒಂದು ಹನಿ ಉಳಿಯದಂತೆ ಹಿಂಡಿ, ಬಿಡಿಸಿ, ಮತ್ತೆ ನೀರಿಗೆ ಹಾಕಿ, ಮತ್ತೆ ಹಿಂಡಿದಳು. ತಂತಿಯ ಮೇಲಿದ್ದವು ಒಣಗಿ ಹಪ್ಪಳದಂತಾದವು. ಬಿಸಿಲು ಕಲ್ಲಿನಿಂದ ಗೋಡೆಗೆ ಹತ್ತಿ, ಗೋಡೆಯಿಂದಲೂ ಇಳಿಯಿತು.

ಜೋಡಿ ಮುರಿಯಲೇ ಇಲ್ಲ. ಒಳಗೆ ಒಮ್ಮೆಲೇ ಕೇಕೆ ಎದ್ದಿತು. ಯಾರೋ ಪಾತ್ರೆ ಬಡಿದರು. ಕುಣಿಯುವ ಭರದಲ್ಲಿ ಚಾದರ ಕಿತ್ತುಬಂತು. ಫೋನಿನಲ್ಲಿ ಮಾವನ ಗಂಟಲು ಒಡೆದುಹೋಗಿತ್ತು.

"ಅಮ್ಮನ್ನ ತೋರ್ಸೋ! ಎಲ್ಲಿ ನಮ್ಮಮ್ಮ?"

ಗಂಡ ಫೋನನ್ನು ಅಜ್ಜಿಯ ಮುಖದ ಮುಂದೆ ಹಿಡಿದ.

"ನೋಡ್ರೋ, ನೋಡ್ರೋ, ನಗ್ತಿದ್ದಾಳೆ ಕಣ್ರೋ! ಬಾಯಿ ಹೇಗೆ ಮಾಡಿದ್ದಾಳೆ ನೋಡಿ! ಕಣ್ಣಲ್ಲಿ ನೀರು ನೋಡಿ, ಆನಂದಕ್ಕೆ!" ಮಾವ ತನ್ನ ಫೋನನ್ನು ತಲೆಯ ಮೇಲೆತ್ತಿ ಬಳಗಕ್ಕೆಲ್ಲ ತೋರಿಸಿದ. ಸಮುದ್ರದಾಚೆಯ ಅಷ್ಟು ಜನ ಆ ಸೊಟ್ಟ ಬಾಯಿಗೆ ಚಪ್ಪಾಳೆ ಹೊಡೆದರು. "ಅಜ್ಜಿ! ಅಜ್ಜಿ!" ನಗಾರಿ ಬಡಿದುಕೊಂಡಿತು.

ಅತ್ತೆ ಬಂದು ಹಿತ್ತಲ ಚಿಲಕ ತೆಗೆದಳು. ಗೆದ್ದ ಮೇಲೆ ಅಡುಗೆಗೆ ಜನ ಬೇಕಲ್ಲ. ಸೊಸೆ ನೇರವಾಗಿ ಕುರ್ಚಿಯ ಬಳಿ ಹೋಗಿ ಅಜ್ಜಿಯ ಎಡಗೈಯನ್ನು ಎತ್ತಿ ಬಿಟ್ಟಳು. ಅದು ತಗಡಿನ ತುಂಡಿನ ಹಾಗೆ ಬಿತ್ತು. ಮಡಿಲಲ್ಲಿ ಚೆಲ್ಲಿದ ಚಹಾ ಒಣಗಿ ಕರೆಯಾಗಿತ್ತು.

"ಇದು ನಗು ಅಲ್ಲ," ಅಂದಳು.

ಪಂದ್ಯ ಮುಗಿದ ಮೇಲಷ್ಟೇ ಹೊರಟ ಬಸ್ ಕಂಡಕ್ಟರನ ಕಾರು ಮುಖ್ಯರಸ್ತೆಗೆ ಬಂದು ನಿಂತುಬಿಟ್ಟಿತು. ರಸ್ತೆ ತುಂಬ ಕುಣಿಯುವವರು, ಬೈಕುಗಳು, ಬಾವುಟಗಳು. ಹುಡುಗರ ಗುಂಪೊಂದು ಕಾರಿನ ಮುಂಭಾಗಕ್ಕೆ ಗುದ್ದಿ, ತಂಡಕ್ಕೆ ಜೈಕಾರ ಹಾಕಿದರೆ ಬಿಡುತ್ತೇವೆ ಅಂದಿತು. ಗಂಡ ಕಿಟಕಿಯಿಂದ ತಲೆ ಹಾಕಿ ಕೂಗಿದ. ಸಾಲದು, ಗಟ್ಟಿಯಾಗಿ ಅಂದರು. ಗಟ್ಟಿಯಾಗಿ ಕೂಗಿದ. ಹಿಂದಿನ ಸೀಟಿನಲ್ಲಿ ಅಜ್ಜಿಯ ತಲೆ ಸೊಸೆಯ ತೊಡೆಯ ಮೇಲಿತ್ತು.

ಆಸ್ಪತ್ರೆಯಲ್ಲಿ ಅದೇ ಡಾಕ್ಟ್ರಮ್ಮ. ತಲೆಯ ಫೋಟೋ ತೆಗೆಸಿ ಬಂದು ಕೇಳಿದಳು. "ಯಾವಾಗ ಶುರುವಾಯ್ತು? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ."

ಗಂಡ ಅಮ್ಮನ ಮುಖ ನೋಡಿದ. "ಈಗಷ್ಟೇ ಮೇಡಂ. ಒಂದು ಗಂಟೆ ಆಗಿರಬಹ್ದು."

"ಗೆದ್ದ ಖುಷೀಲಿ ಚಪ್ಪಾಳೆ ಹೊಡೀತಿದ್ರು ಮೇಡಂ," ಅಂದಳು ಅತ್ತೆ. "ಹೊಡೀತಾ ಹೊಡೀತಾನೇ..." ಕಣ್ಣು ಒರೆಸಿಕೊಂಡಳು.

"ಹಾಗಾದ್ರೆ ಹೊತ್ತು ಮೀರಿಲ್ಲ," ಎಂದು ಡಾಕ್ಟ್ರಮ್ಮ ನರ್ಸಿನ ಕಡೆ ತಿರುಗಿದಳು. "ಇಂಜೆಕ್ಷನ್ ತಯಾರು ಮಾಡಿ."

ಸೊಸೆ ಗೋಡೆಯ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದಳು. "ಮೇಡಂ, ಅದನ್ನ ತಡವಾದ ಮೇಲೆ ಕೊಟ್ರೆ ಏನಾಗುತ್ತೆ?"

"ತಲೆಯೊಳಗೆ ರಕ್ತ ಸೋರಬಹುದು. ಪ್ರಾಣವೇ ಹೋಗಬಹುದು. ಯಾಕೆ?"

ಗಂಡ ಅವಳ ಪಾದದ ಮೇಲೆ ತನ್ನ ಚಪ್ಪಲಿ ಇಟ್ಟು ಒತ್ತಿದ.

"ಮಧ್ಯಾಹ್ನ ಹನ್ನೆರಡಕ್ಕೇ ಆಗಿದೆ ಮೇಡಂ. ನಾನು ಕಿಟಕಿಯಿಂದ ನೋಡ್ದೆ."

ಡಾಕ್ಟ್ರಮ್ಮ ಗೋಡೆಯ ಗಡಿಯಾರ ನೋಡಿದಳು. ಆರು ದಾಟಿತ್ತು. ನರ್ಸಿಗೆ ಕೈಯಲ್ಲೇ ಬೇಡವೆಂದು ಸನ್ನೆ ಮಾಡಿ, ಒಬ್ಬೊಬ್ಬರನ್ನಾಗಿ ನೋಡುತ್ತ ಬಂದು ಸೊಸೆಯ ಮುಂದೆ ನಿಂತಳು. "ನಿನಗೆ ಎಲ್ಲ ಹೇಳಿದ್ದೆನಲ್ಲ. ನೋಡಿ ಏನು ಮಾಡ್ದೆ?"

ಗಂಡ ತನ್ನ ಚಪ್ಪಲಿಯನ್ನು ಅವಳ ಪಾದದ ಮೇಲಿಂದ ತೆಗೆದ.

"ಬಟ್ಟೆ ಹಿಂಡ್ದೆ," ಅಂದಳು ಸೊಸೆ.

ಅಜ್ಜಿ ಉಳಿದಳು. ಎಡಭಾಗ ಹೋಯಿತು, ಮಾತು ಹೋಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಗಂಡ ಅಪ್ಪನಿಗೆ ಫೋನು ಮಾಡಿದ.

"ಬಂದುಬಿಡಪ್ಪ."

"ಜೀವಕ್ಕೇನೂ ಇಲ್ವಲ್ಲ?"

"ಇಲ್ಲ."

"ಮತ್ತೆ? ಡಾಕ್ಟ್ರು ಇದ್ದಾರೆ, ನೀವೆಲ್ಲ ಇದ್ದೀರ. ನಾನು ಬಂದು ನಗಾರಿ ಬಾರಿಸ್ಲಾ ಅಲ್ಲಿ? ಫೈನಲ್ ಇದೆ ಕಣೋ." ಆಮೇಲೆ ಕೇಳಿದ. "ಇಂಜೆಕ್ಷನ್ ಇದೆ ಅಂದಿದ್ರಲ್ಲ, ಕೊಡ್ಲಿಲ್ವಾ?"

"ಕೊಡ್ತಿದ್ರು. ಇವಳು ಬಾಯಿ ಬಿಟ್ಟಳು."

ಬೆಳಗಾಗುವುದರೊಳಗೆ ಬೀದಿಗೆಲ್ಲ ಅದೇ ಸುದ್ದಿಯಾಗಿತ್ತು. ಸೂಜಿ ಚುಚ್ಚುವುದೊಂದೇ ಬಾಕಿಯಿತ್ತಂತೆ, ಸೊನ್ನೆ ತಡೆದಳಂತೆ. ಬಸ್ ಕಂಡಕ್ಟರು, ಅವಳು ತನ್ನ ಬಾಗಿಲಿಗೂ ಬಂದು ಜೋಡಿ ಮುರಿಯಲೆಂದು ಬಾಯಿ ಬಿಡಿಸಿ ಹೋಗಿದ್ದಳೆಂದು ಸೇರಿಸಿದ. ಹಾಲಿನವನು ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಳ್ಳದೆ, "ಕೆಳಗಿಡಿ" ಅಂದ.

"ಸುಮ್ನಿದ್ದಿದ್ರೆ ಇವತ್ತು ಅಜ್ಜಿ ಎದ್ದು ಓಡಾಡ್ತಿದ್ರು," ಅಂದಳು ಅತ್ತೆ, ಸಾರಿಗೆ ಉಪ್ಪು ಹಾಕುತ್ತ.

"ಸತ್ತು ಹೋಗ್ತಿದ್ರು ಅತ್ತೆ."

"ಬಾಯಿ! ನೋಡು ಆ ಬಾಯಿ! ಇನ್ನೂ ಸಾಯ್ಲಿ ಅಂತಾನೇ ಅನ್ನುತ್ತೆ."

ಅಜ್ಜಿಯನ್ನು ಮನೆಗೆ ತಂದ ಮೇಲೆ ಅವಳ ಕೆಲಸವೆಲ್ಲ ಸೊಸೆಯ ಪಾಲಿಗೆ ಬಂತು. ನಾದಿನಿ ಮೂಗು ಮುಚ್ಚಿಕೊಂಡು ಕೋಣೆ ದಾಟುತ್ತಿದ್ದಳು. ಗಂಜಿಯನ್ನು ಚಮಚದಲ್ಲಿ ಬಲಗೆನ್ನೆಗೆ ಹಾಕಿ, ಗಂಟಲಿಗೆ ಇಳಿಯುವ ತನಕ ಗದ್ದ ಹಿಡಿದು ಕೂರಬೇಕು. ಹಾಸಿಗೆ ಒದ್ದೆಯಾದರೆ ಹೊರಳಿಸಬೇಕು. ಅಜ್ಜಿಯ ಬಾಯಲ್ಲಿ ಉಳಿದಿದ್ದು ಒಂದೇ ತುಂಡು, "ಸೊ... ಸೊ..." ಬಲಗೈ ಮಾತ್ರ ಗಟ್ಟಿಯಾಗಿತ್ತು. ಅದರಿಂದ ಅವಳು ಸೊಸೆಯ ಮುಂಗೈ ಹಿಡಿದರೆ ಬಿಡುತ್ತಿರಲಿಲ್ಲ. ಬಳೆ ಒತ್ತಿ ಗಾಯವಾಗಿ, ಸೊಸೆ ಬಳೆಯನ್ನೇ ತೆಗೆದಿಟ್ಟಳು.

ಫೈನಲ್ಲಿನ ಬೆಳಿಗ್ಗೆ ಫೋನು ಬಂತು.

"ಅಮ್ಮನ್ನ ಕುರ್ಚಿಲಿ ಕೂರ್ಸು."

"ಕೂರೋಕಾಗಲ್ಲಪ್ಪ. ವಾಲ್ತಾಳೆ."

"ಟವೆಲ್ಲಿದೆಯಲ್ಲ. ಕಟ್ಟು."

ಗಂಡ ಗೀರಿನ ಟವೆಲ್ಲನ್ನು ಅಜ್ಜಿಯ ಎದೆಗೆ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದ. ಅತ್ತೆ ಒಂದು ಮೊಟ್ಟೆಯನ್ನೂ ಸುಲಿದು ಮಡಿಲಲ್ಲಿಟ್ಟಳು, ತಪ್ಪಬಾರದೆಂದು. ಅಜ್ಜಿ ಸೊಸೆಯ ಮುಂಗೈ ಹಿಡಿದೇ ಇದ್ದಳು.

"ಯಾರದು ಪಕ್ಕದಲ್ಲಿ? ಸೊನ್ನೇನಾ?" ಫೋನು ಕಿರುಚಿತು. "ಒಳಗ್ಯಾಕಿದ್ದಾಳೆ?"

"ಅಜ್ಜಿ ಕೈ ಬಿಡ್ತಿಲ್ಲ."

"ಬಿಡಿಸ್ರೋ! ಟಾಸ್ ಆಯ್ತು!"

ನಾದಿನಿ ಬಂದು ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಎಬ್ಬಿಸಿದಳು. ಒಂದು ಎಬ್ಬಿಸಿದರೆ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಗಂಡನೂ ಕೈ ಹಾಕಿದ. ಬಿಟ್ಟುಕೊಂಡಾಗ ಸೊಸೆಯ ಮುಂಗೈಯಲ್ಲಿ ಉಗುರಿನ ಗುರುತು ಮೂಡಿತ್ತು. ಅವಳು ತಾನಾಗಿಯೇ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ಹಿಂದೆ ಚಿಲಕ ಬಿತ್ತು.

ನಮ್ಮವರೇ ಮೊದಲು ಆಡಿದರು. ಸೊಸೆ ಅಜ್ಜಿಯ ಹಾಸಿಗೆಯ ದುಪ್ಪಟಿಗೆ ಸೋಪು ಹಚ್ಚುವುದರೊಳಗೆ ಒಳಗೆ ಒಂದು ನಿಟ್ಟುಸಿರು. ತಿರುವಿ ಹಾಕುವುದರೊಳಗೆ ಇನ್ನೊಂದು. ಮೂರನೆಯದಕ್ಕೆ ನಿಟ್ಟುಸಿರೂ ಬರಲಿಲ್ಲ. ಕಿಟಕಿಗೆ ಮುಖಗಳು ಬಂದವು, ನಾದಿನಿ, ಗಂಡ. ಅವಳು ಹೊರಗೇ ಇದ್ದಳು. ದೂರದಲ್ಲಿ, ಕಲ್ಲಿನ ಬಳಿ, ಸೋಪಿನ ಕೈಯಲ್ಲಿ. ಅವಳ ಮೇಲೆ ಹೊರಿಸಲು ಏನೂ ಇರಲಿಲ್ಲ. ಮುಖಗಳು ಒಳಗೆ ತಿರುಗಿ ಕುರ್ಚಿಯನ್ನು ನೋಡಿದವು.

ಫೋನಿನಲ್ಲಿ ನಗಾರಿ ನಿಂತಿತ್ತು. ಮಾವನ ದನಿ ತಗ್ಗಿತ್ತು.

"ಅಮ್ಮನಲ್ಲಿ ಈಗ ಅದಿಲ್ಲ ಕಣೋ."

"ಏನಿಲ್ಲ?"

"ಅದೇ. ಹೊರಗಿಡಿ ಅವಳನ್ನ."

"ಅಪ್ಪ, ಬಿಸಿಲು..."

"ಹೊರಗಿಡು ಅಂದ್ನಲ್ಲ!"

"ಕುರ್ಚಿ ಸಮೇತಾನಾ?"

ಸಮುದ್ರದಾಚೆ ಮಾವ ಕ್ಷಣ ಯೋಚಿಸಿದ. "ಬೇಡ. ಕುರ್ಚಿ ಒಳಗೇ ಇರ್ಲಿ. ಕುರ್ಚಿದೇನು ತಪ್ಪು?"

ಗಂಡ, ನಾದಿನಿ ಸೇರಿ ಟವೆಲ್ಲು ಬಿಚ್ಚಿ, ಅಜ್ಜಿಯನ್ನು ಮಡಿಲಿನ ಮೊಟ್ಟೆ ಸಮೇತ ಹೊತ್ತು ತಂದು ಒಗೆಯುವ ಕಲ್ಲಿಗೆ ಒರಗಿಸಿ ಕೂರಿಸಿದರು. ಗಂಡ ಹೆಂಡತಿಯ ಮುಖ ನೋಡಲಿಲ್ಲ. "ಸ್ವಲ್ಪ ಹೊತ್ತು ನೋಡ್ಕೋ," ಎಂದು ಓಡುತ್ತ ಒಳಗೆ ಹೋದ. ಚಿಲಕ ಬಿತ್ತು.

ಅಜ್ಜಿ ಮುಚ್ಚಿದ ಬಾಗಿಲನ್ನು ನೋಡಿದಳು. ಮಡಿಲಲ್ಲಿದ್ದ ಮೊಟ್ಟೆ ಉರುಳಿ ಸೋಪಿನ ನೀರಿಗೆ ಬಿತ್ತು. "ಸೊ... ಸೊ..."

"ಇಲ್ಲೇ ಇದೀನಿ ಅಜ್ಜಿ," ಅಂದಳು ಸೊಸೆ. "ಈಗ ಇಬ್ಬರಾದ್ವಿ."

ಒಳಗೆ ದೊಡ್ಡ ಕೇಕೆ ಎದ್ದಿತು. "ನೋಡಿದ್ರಾ! ಹೊರಗಿಟ್ಟ ತಕ್ಷಣ ಸಿಕ್ಸು!" ನಾದಿನಿಯ ದನಿ. ನಗಾರಿ ಮತ್ತೆ ಶುರುವಾಯಿತು. ಅಜ್ಜಿಯ ಬಲಗೈ, ಎಷ್ಟೋ ವರ್ಷದ ರೂಢಿಯಿಂದ, ಮೇಲೆದ್ದು ತನ್ನ ತೊಡೆಯ ಮೇಲೆಯೇ ತಟ್ಟಿತು, ಚಪ್ಪಾಳೆಯ ಹಾಗೆ.

ಸೊಸೆ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಬಕೆಟ್ಟಿನಿಂದ ಒದ್ದೆ ದುಪ್ಪಟಿಯನ್ನು ಎತ್ತಿ, ಅದರ ಒಂದು ತುದಿಯನ್ನು ಆ ಮುಷ್ಟಿಯೊಳಗೆ ತುರುಕಿದಳು. ಇನ್ನೊಂದು ತುದಿ ಹಿಡಿದು ಹಿಂದೆ ಸರಿದು ನಿಂತಳು.

"ಗಟ್ಟಿ ಹಿಡ್ಕೋ," ಎಂದು ಹಿಂಡತೊಡಗಿದಳು.